ರೋಗಿ ಬೇರೆ, ರೋಗದ ಮೂಲ ಬೇರೆ: ಪರಾವಲಂಬಿ ಶಾಸ್ತ್ರದ ಕೆಲವು ಮೂಲ ಪರಿಕಲ್ಪನೆಗಳು

(ಕಲಬುರಗಿಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು, ಆಶಾ ಕಾರ್ಯಕರ್ತೆಯರು ಮತ್ತು ಆಸಕ್ತ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಆಡುವಾಗ ಅವಸರದಲ್ಲಿ ದಾಟಿಹೋದ ಕೆಲವು ಭಾಗಗಳನ್ನು ಇಲ್ಲಿ ವಿಸ್ತರಿಸಿದೆ.)

ಮಾನ್ಯರೇ,

ಬೆಲ್ಲ ಹೆಚ್ಚು ತಿಂದರೆ ಹೊಟ್ಟೆಯಲ್ಲಿ ಹುಳುವಾಗುತ್ತವೆ ಎಂದು ನಮ್ಮ ಭಾಗದ ಹಿರಿಯರು ಮಕ್ಕಳನ್ನು ಗದರಿಸುವುದುಂಟು. ಮಗುವಿನ ಹಲ್ಲಿನ ದೃಷ್ಟಿಯಿಂದ ಆ ಗದರಿಕೆಗೆ ನನ್ನ ಆಕ್ಷೇಪವಿಲ್ಲ. ಆದರೆ ಅದರ ಹಿಂದಿರುವ ತಿಳಿವಳಿಕೆ ಇವತ್ತಿನ ವಿಷಯಕ್ಕೆ ನೇರವಾಗಿ ಅಡ್ಡ ಬರುತ್ತದೆ. ಹುಳು ಹೊಟ್ಟೆಯಲ್ಲಿ ತಾನಾಗಿ ಹುಟ್ಟುವುದಿಲ್ಲ. ಅಲ್ಲಿರುವ ಒಂದೊಂದು ಹುಳುವೂ ಮೊಟ್ಟೆಯಾಗಿಯೋ ಮರಿಯಾಗಿಯೋ ಹೊರಗಿನಿಂದ ಒಳಗೆ ಬಂದದ್ದು. ಆ ಮೊಟ್ಟೆಯನ್ನಿಟ್ಟ ತಾಯಿಹುಳು ಇನ್ನೊಬ್ಬರ ಹೊಟ್ಟೆಯಲ್ಲಿ, ಬಹಳ ಸಲ ಅದೇ ಓಣಿಯವರ ಹೊಟ್ಟೆಯಲ್ಲಿ ಇದ್ದದ್ದು. ಆದ್ದರಿಂದ ಈ ಶಾಸ್ತ್ರದಲ್ಲಿ ‘ಯಾರಿಗೆ ಕಾಯಿಲೆಯಾಗಿದೆ’ ಎಂದು ಕೇಳಿದ ಮೇಲೆ ‘ಇದು ಯಾರಿಂದ ಬಂತು’ ಎಂದೂ ಕೇಳಲೇಬೇಕಾಗುತ್ತದೆ, ಮತ್ತು ಈ ಎರಡು ಪ್ರಶ್ನೆಗಳಿಗೆ ಉತ್ತರ ಒಂದೇ ಆಗಿರುವುದು ಅಪರೂಪ. ನರಳುವವನು ಒಬ್ಬ, ಹರಡುವವನು ಇನ್ನೊಬ್ಬ. ಆತಿಥೇಯ, ಸೋಂಕುಕಾರಕ ಹಂತ, ವಾಹಕ, ಆಗರ ಎಂದು ಪಠ್ಯಪುಸ್ತಕಗಳಲ್ಲಿ ಬಾಯಿಪಾಠ ಮಾಡಿಸುವ ಪಾರಿಭಾಷಿಕ ಪದಗಳೆಲ್ಲ ಈ ಇಬ್ಬರನ್ನು ಬೇರ್ಪಡಿಸಿ ನೋಡಲು ಬೇಕಾದ ಸಾಧನಗಳು ಎಂಬುದು ನನ್ನ ಅಭಿಪ್ರಾಯ. ಹಾಗೆ ಕಲಿಸಿದರೆ ಮಾತ್ರ ಅವು ನೆನಪಿನಲ್ಲಿ ಉಳಿಯುತ್ತವೆ.

ಇನ್ನೊಂದು ಜೀವಿಯ ಮೈಮೇಲೆ ಅಥವಾ ಮೈಯೊಳಗೆ ನೆಲೆಸಿ, ಅದರಿಂದಲೇ ಆಹಾರ ಪಡೆದು, ಅದಕ್ಕೆ ಅಷ್ಟೋ ಇಷ್ಟೋ ಹಾನಿ ಮಾಡುವ ಜೀವಿಯನ್ನು ಪರಾವಲಂಬಿ ಎನ್ನುತ್ತೇವೆ. ನೆಲೆ ಕೊಟ್ಟ ಜೀವಿ ಆತಿಥೇಯ. ಈ ವ್ಯಾಖ್ಯೆಯನ್ನು ಅಕ್ಷರಶಃ ಹಿಡಿದರೆ ವೈರಸ್, ಬ್ಯಾಕ್ಟೀರಿಯಾಗಳೂ ಪರಾವಲಂಬಿಗಳೇ ಆಗಬೇಕು. ಆದರೆ ವೈದ್ಯಶಿಕ್ಷಣದ ರೂಢಿಯಲ್ಲಿ ಈ ಶಾಸ್ತ್ರದ ವ್ಯಾಪ್ತಿಗೆ ಬರುವವು ಮೂರು ಗುಂಪುಗಳು: ಅಮೀಬಾ, ಮಲೇರಿಯಾ ರೋಗಾಣುಗಳಂಥ ಏಕಕೋಶ ಜೀವಿಗಳಾದ ಪ್ರೋಟೋಜೋವಾಗಳು, ಜಂತುಹುಳು, ಕೊಕ್ಕೆಹುಳು, ಲಾಡಿಹುಳು ಮುಂತಾದ ಹೆಲ್ಮಿಂತ್‌ಗಳು, ಮತ್ತು ಹೇನು, ಕಜ್ಜಿಯ ನುಸಿಯಂಥ ಸಂಧಿಪದಿಗಳು. ಚರ್ಮದಲ್ಲೋ ಕೂದಲಲ್ಲೋ ಇರುವ ಈ ಕೊನೆಯ ಗುಂಪಿನವು ಹೊರಪರಾವಲಂಬಿಗಳು. ಅವುಗಳ ಗೊಡವೆಗೆ ಇವತ್ತು ಹೋಗುವುದಿಲ್ಲ.

ಕರುಳಿನಲ್ಲಿ ಕಂಡದ್ದೆಲ್ಲ ಪರಾವಲಂಬಿಯೂ ಅಲ್ಲ. ಆತಿಥೇಯನ ಪಂಕ್ತಿಯಲ್ಲೇ ಕುಳಿತು ಉಂಡು, ಅವನಿಗೆ ಯಾವ ತೊಂದರೆಯನ್ನೂ ಕೊಡದೆ ಇರುವ ಜೀವಿಗೆ ಸಹಭೋಜಿ ಎಂದು ಹೆಸರು. ಎಂಟಮೀಬಾ ಕೋಲೈ ಎಂಬ ಅಮೀಬಾ ಇಂಥದ್ದು. ಮಲಪರೀಕ್ಷೆಯ ವರದಿಯಲ್ಲಿ ‘ಇ. ಕೋಲೈ ಸಿಸ್ಟ್ ಕಂಡಿದೆ’ (ಸಿಸ್ಟ್ ಎಂದರೆ ಅಮೀಬಾದ ಕವಚ ತೊಟ್ಟ ರೂಪ) ಎಂದು ಬರೆದು ಬಂದಾಗ, ಅದನ್ನು ಅದೇ ಮೊದಲಕ್ಷರಗಳ ಬ್ಯಾಕ್ಟೀರಿಯಾ ಎಂದುಕೊಂಡು ಆ್ಯಂಟಿಬಯಾಟಿಕ್ ತೆಗೆದುಕೊಳ್ಳುವವರಿದ್ದಾರೆ, ಆಮಶಂಕೆಯ ಅಮೀಬಾ ಎಂದುಕೊಂಡು ಮೆಟ್ರೊನಿಡಜೋಲ್ ನುಂಗುವವರೂ ಇದ್ದಾರೆ. ಎರಡೂ ಅನಗತ್ಯ. ಆಮಶಂಕೆ ತರುವ ಎಂಟಮೀಬಾ ಹಿಸ್ಟಾಲಿಟಿಕಾದ ಬಲಿತ ಸಿಸ್ಟ್‌ನಲ್ಲಿ ನಾಲ್ಕು ಕೋಶಕೇಂದ್ರಗಳಿದ್ದರೆ, ಈ ಸಾಧು ಅಮೀಬಾದ ಸಿಸ್ಟ್‌ನಲ್ಲಿ ಸಾಮಾನ್ಯವಾಗಿ ಎಂಟು ಇರುತ್ತವೆ. ಆದರೂ ಆ ವರದಿಯಿಂದ ತಿಳಿಯುವುದು ಒಂದಿದೆ: ಯಾರದೋ ಮಲದ ಸೋಂಕಿದ್ದ ನೀರೋ ಆಹಾರವೋ ಈ ವ್ಯಕ್ತಿಯ ಬಾಯಿ ಸೇರಿದೆ. ಔಷಧಿಯ ಚೀಟಿ ಬರೆಯುವುದಕ್ಕಿಂತ ಆ ಮನೆಯ ನಳದ ನೀರನ್ನು ವಿಚಾರಿಸುವುದು ಆಗ ಹೆಚ್ಚು ಉಪಯುಕ್ತ.

ಪ್ರೋಟೋಜೋವಾಗಳಿಗೂ ಹುಳುಗಳಿಗೂ ಇರುವ ಗಾತ್ರದ ಅಂತರ ಎಲ್ಲರಿಗೂ ಗೊತ್ತು. ಅದಕ್ಕಿಂತ ಮುಖ್ಯವಾದ ಅಂತರ ಇನ್ನೊಂದಿದೆ. ಪ್ರೋಟೋಜೋವಾಗಳು ನಮ್ಮ ಮೈಯೊಳಗೇ ವೃದ್ಧಿಯಾಗುತ್ತವೆ. ಸೊಳ್ಳೆಯ ಒಂದು ಕಡಿತದಿಂದ ಒಳಬಂದ ಕೆಲವೇ ಮಲೇರಿಯಾ ರೋಗಾಣುಗಳು ಎರಡು ವಾರಗಳಲ್ಲಿ ಕೋಟಿಗಟ್ಟಲೆ ಆಗಬಲ್ಲವು. ಹುಳುಗಳ ವಿಷಯ ಹಾಗಲ್ಲ. ಕೆಲವು ಅಪವಾದಗಳನ್ನು ಬಿಟ್ಟರೆ, ಒಳಗಿನ ಹುಳು ಒಳಗೇ ಮರಿ ಮಾಡಿ ಸಂಸಾರ ಬೆಳೆಸುವುದಿಲ್ಲ. ಮಗುವಿನ ಹೊಟ್ಟೆಯಲ್ಲಿ ಇಪ್ಪತ್ತು ಜಂತುಗಳಿದ್ದರೆ ಇಪ್ಪತ್ತು ಮೊಟ್ಟೆಗಳನ್ನಾದರೂ ಅದು ನುಂಗಿದೆ ಎಂದೇ ಅರ್ಥ. ಹುಳುರೋಗಗಳಲ್ಲಿ ಸೋಂಕು ಇದೆಯೇ ಇಲ್ಲವೇ ಎಂಬುದರ ಜೊತೆಗೆ ಎಷ್ಟು ಹುಳುಗಳಿವೆ ಎಂಬುದನ್ನೂ ಕೇಳುವುದು ಈ ಕಾರಣಕ್ಕೆ. ಅದನ್ನು ಹುಳುಹೊರೆ ಎನ್ನೋಣ. ಕೊಕ್ಕೆಹುಳುವಿನ ಒಂದು ಜಾತಿಯಾದ ಆಂಕೈಲೋಸ್ಟೋಮಾ ದಿನಕ್ಕೆ ಸುಮಾರು 0.15ರಿಂದ 0.2 ಮಿಲಿಲೀಟರ್ ರಕ್ತ ಹೀರುತ್ತದೆ. ಐದು ಹುಳುಗಳಿದ್ದವರಿಗೆ ಅದು ಗೊತ್ತೂ ಆಗಲಿಕ್ಕಿಲ್ಲ. ನೂರು ಹುಳುಗಳಿರುವ ಗರ್ಭಿಣಿಗೆ ದಿನಕ್ಕೆ 15ರಿಂದ 20 ಮಿಲಿಲೀಟರ್ ಹೋದರೆ ಯಾವ ಕಬ್ಬಿಣದ ಗುಳಿಗೆಯೂ ಅದನ್ನು ಸುಲಭವಾಗಿ ತುಂಬಿಕೊಡಲಾರದು.

ಈ ಹೊರೆ ಊರಿನಲ್ಲಿ ಸಮನಾಗಿ ಹಂಚಿಹೋಗಿರುವುದಿಲ್ಲ ಎಂಬುದು ಹುಳುರೋಗಗಳ ಅಧ್ಯಯನದಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಹೆಚ್ಚಿನವರಲ್ಲಿ ಹುಳುಗಳು ಇಲ್ಲ ಅಥವಾ ಒಂದೆರಡಿವೆ. ಸ್ವಲ್ಪವೇ ಜನರಲ್ಲಿ ಊರಿನ ಬಹುಪಾಲು ಹುಳುಗಳು ಸೇರಿಕೊಂಡಿರುತ್ತವೆ. ಜಂತುಹುಳುವಿನ, ಅಂದರೆ ಆಸ್ಕಾರಿಸ್‌ನ, ಒಂದು ಹೆಣ್ಣು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆಗಳನ್ನಿಡುತ್ತದೆ ಎಂಬುದನ್ನು ಇದರೊಂದಿಗೆ ಕೂಡಿಸಿ ನೋಡಿದರೆ, ಬಯಲಿಗೆ ಹೋಗುವ ಎರಡು ಮೂರು ಮಕ್ಕಳೇ ಒಂದು ಓಣಿಯ ಮಣ್ಣನ್ನು ಮೊಟ್ಟೆಮಯ ಮಾಡಬಲ್ಲರು ಎಂಬುದು ಅರ್ಥವಾಗುತ್ತದೆ. ಆ ಮಕ್ಕಳು ಯಾರು ಎಂದು ಮುಖ ನೋಡಿ ಹೇಳಲಾಗದು. ಶಾಲೆಯಲ್ಲಿ ಎಲ್ಲರಿಗೂ ಒಂದೇ ದಿನ ಗುಳಿಗೆ ಕೊಡುವ ಪದ್ಧತಿಗೆ ಇರುವ ಮುಖ್ಯ ಸಮರ್ಥನೆ ಇದೇ.

ಮೊಟ್ಟೆ ಹೊರಬಿದ್ದ ಕೂಡಲೇ ಸೋಂಕು ತರುತ್ತದೆಯೇ ಎಂಬ ಪ್ರಶ್ನೆಗೆ ಪರಾವಲಂಬಿಯಿಂದ ಪರಾವಲಂಬಿಗೆ ಉತ್ತರ ಬದಲಾಗುತ್ತದೆ. ಒಂದು ಜೀವಿಯ ಜೀವನಚಕ್ರದಲ್ಲಿ ಯಾವ ರೂಪವು ಹೊಸ ಆತಿಥೇಯನೊಳಗೆ ನೆಲೆಯೂರಲು ಶಕ್ತವೋ ಅದು ಸೋಂಕುಕಾರಕ ಹಂತ. ಪ್ರಯೋಗಶಾಲೆಯಲ್ಲಿ ನಮ್ಮ ಕಣ್ಣಿಗೆ ಬೀಳುವ ರೂಪ ಪತ್ತೆಯ ಹಂತ. ಇವೆರಡೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಆಸ್ಕಾರಿಸ್‌ನ ತಾಜಾ ಮೊಟ್ಟೆಯನ್ನು ನುಂಗಿದರೂ ಏನೂ ಆಗದು. ತೇವವೂ ನೆರಳೂ ಇರುವ ಮಣ್ಣಿನಲ್ಲಿ ಎರಡು ಮೂರು ವಾರ ಕಳೆದು ಒಳಗೆ ಮರಿ ಬೆಳೆದ ಮೇಲೆಯೇ ಅದು ಅಪಾಯಕಾರಿ. ಕೊಕ್ಕೆಹುಳುವಿನ ಮೊಟ್ಟೆ ಮಣ್ಣಿನಲ್ಲೇ ಒಡೆದು, ಮರಿ ಎರಡು ಸಲ ಪೊರೆ ಕಳಚಿ, ಬರಿಗಾಲಿನ ಚರ್ಮವನ್ನು ತೂರಿಕೊಂಡು ಬರುತ್ತದೆ. ಅದಕ್ಕೆ ಬಾಯಿಯ ದಾರಿ ಬೇಕಿಲ್ಲ. ನಮ್ಮ ಎರೆಹೊಲ ಏಪ್ರಿಲ್‌ನಲ್ಲಿ ಬಿರುಕು ಬಿಟ್ಟು ಕಾದಾಗ ಈ ಮರಿಗಳು ಬದುಕಲಾರವು. ಆದರೆ ಮಳೆಗಾಲದಲ್ಲಿ, ಮತ್ತು ಕಾಲುವೆ ನೀರು ಬಂದ ಮೇಲೆ ಸುರಪುರ, ಶಹಾಪುರಗಳ ಕಡೆ ವರ್ಷದ ಬಹುಕಾಲ ತೇವವಾಗಿರುವ ಗದ್ದೆಯ ಬದುಗಳಲ್ಲಿ, ಅವಕ್ಕೆ ಬೇಕಾದ ನೆರಳು ನೀರು ಎರಡೂ ಸಿಗುತ್ತವೆ. ಆಸ್ಕಾರಿಸ್‌ನ ಮೊಟ್ಟೆ ಇದಕ್ಕಿಂತ ಗಟ್ಟಿ. ಅದರ ದಪ್ಪ ಕವಚ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯಬಲ್ಲದು.

ನುಂಗಿದ ಮೇಲೂ ಆಸ್ಕಾರಿಸ್ ನೇರವಾಗಿ ಕರುಳಿನಲ್ಲಿ ಕೂರುವುದಿಲ್ಲ. ಮರಿ ಕರುಳಿನ ಗೋಡೆಯನ್ನು ತೂರಿ, ಯಕೃತ್ತು ಮತ್ತು ಹೃದಯವನ್ನು ಹಾದು ಶ್ವಾಸಕೋಶಕ್ಕೆ ಬರುತ್ತದೆ. ಅಲ್ಲಿಂದ ಕೆಮ್ಮಿನೊಂದಿಗೆ ಗಂಟಲಿಗೇರಿ, ಮತ್ತೆ ನುಂಗಲ್ಪಟ್ಟು, ಕರುಳಿನಲ್ಲಿ ದೊಡ್ಡದಾಗುತ್ತದೆ. ಸೋಂಕು ತಗುಲಿದ ದಿನದಿಂದ ಮಲದಲ್ಲಿ ಮೊದಲ ಮೊಟ್ಟೆ ಕಾಣುವವರೆಗೆ ಎರಡರಿಂದ ಮೂರು ತಿಂಗಳು. ಇದಕ್ಕೆ ಪ್ರಿಪೇಟೆಂಟ್ ಅವಧಿ ಎನ್ನುತ್ತಾರೆ, ಅಂದರೆ ಸೋಂಕಿದ್ದೂ ಪತ್ತೆಯಾಗದ ಕಾಲ. ಮರಿಗಳು ಶ್ವಾಸಕೋಶದಲ್ಲಿದ್ದು ಮಗು ಕೆಮ್ಮುತ್ತಿರುವಾಗ ಮಲಪರೀಕ್ಷೆ ಮಾಡಿಸಿದರೆ ಏನೂ ಸಿಗದಿರುವುದು ಈ ಕಾರಣಕ್ಕೆ. ರೋಗದ ಲಕ್ಷಣ ಕಾಣುವವರೆಗಿನ ಕಾವಿನ ಅವಧಿ ಬೇರೆ, ಇದು ಬೇರೆ. ಆಸ್ಕಾರಿಸ್‌ನಲ್ಲಿ ಲಕ್ಷಣ ಮೊದಲು ಬಂದು ಮೊಟ್ಟೆ ಆಮೇಲೆ ಕಾಣಬಹುದು.

ಆಮಶಂಕೆಯಲ್ಲಿ ರೋಗಿಗೂ ಮೂಲಕ್ಕೂ ಇರುವ ಅಂತರ ಇನ್ನೂ ಸ್ಪಷ್ಟ. ಎಂಟಮೀಬಾ ಹಿಸ್ಟಾಲಿಟಿಕಾಕ್ಕೆ ಎರಡು ರೂಪಗಳಿವೆ. ಚಲಿಸುವ, ತಿನ್ನುವ, ಕರುಳಿನ ಪದರವನ್ನು ಕೊರೆಯುವ ಟ್ರೋಫೋಜೋಯಿಟ್ ಒಂದು. ಕವಚ ತೊಟ್ಟು ನಿಶ್ಚಲವಾಗಿರುವ ಸಿಸ್ಟ್ ಇನ್ನೊಂದು. ರಕ್ತ, ಸಿಂಬಳದಂಥ ಆಮ ಬೀಳುತ್ತಿರುವ ರೋಗಿಯ ಮಲದಲ್ಲಿ ಮುಖ್ಯವಾಗಿ ಇರುವುದು ಮೊದಲನೆಯ ರೂಪ. ಅದು ಹೊರಗಿನ ಗಾಳಿಯಲ್ಲಿ ಬಹಳ ಹೊತ್ತು ಬದುಕುವುದಿಲ್ಲ; ಯಾರಾದರೂ ನುಂಗಿದರೂ ಜಠರದ ಆಮ್ಲದಲ್ಲಿ ಸಾಯುತ್ತದೆ. ಸಿಸ್ಟ್‌ಗಳನ್ನು ಹೊರಹಾಕುವವರು ಹೊಟ್ಟೆಯ ಯಾವ ತಕರಾರೂ ಇಲ್ಲದೆ ಓಡಾಡಿಕೊಂಡಿರುವವರು. ಮದುವೆಯಲ್ಲಿ ಅನ್ನ ಬಡಿಸುವ, ಖಾನಾವಳಿಯಲ್ಲಿ ರೊಟ್ಟಿ ತಟ್ಟುವ ಕೈ ಅಂಥವರದಾಗಿದ್ದರೆ, ಮಲಗಿರುವ ರೋಗಿಗಿಂತ ಅವರಿಂದ ಊರಿಗೆ ಹೆಚ್ಚು ಅಪಾಯ. ನಳದ ನೀರಿಗೆ ಹಾಕುವ ಸಾಮಾನ್ಯ ಪ್ರಮಾಣದ ಕ್ಲೋರಿನ್ ಈ ಸಿಸ್ಟ್‌ಗಳಿಗೆ ಸಾಲದು. ನೀರನ್ನು ಕುದಿಸಿದರೆ ಸಾಯುತ್ತವೆ.

ಆತಿಥೇಯರಲ್ಲಿಯೂ ಬಗೆಗಳಿವೆ, ಮತ್ತು ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ಪರಾವಲಂಬಿ ಪ್ರೌಢಾವಸ್ಥೆಗೆ ಬಂದು ಲೈಂಗಿಕವಾಗಿ ಸಂತಾನ ಪಡೆಯುವುದು ಯಾವ ಜೀವಿಯಲ್ಲೋ ಅದು ನಿಶ್ಚಿತ ಆತಿಥೇಯ. ಮರಿಯ ಅವಸ್ಥೆಯೋ ಅಲೈಂಗಿಕ ವೃದ್ಧಿಯೋ ನಡೆಯುವುದು ಯಾವುದರಲ್ಲೋ ಅದು ಮಧ್ಯಂತರ ಆತಿಥೇಯ. ಈ ಅಳತೆಯಲ್ಲಿ ಮಲೇರಿಯಾ ರೋಗಾಣುವಿಗೆ ನಿಶ್ಚಿತ ಆತಿಥೇಯ ಸೊಳ್ಳೆ, ಮನುಷ್ಯ ಬರೀ ಮಧ್ಯಂತರ. ನಮ್ಮ ಅಭಿಮಾನಕ್ಕೆ ಇದು ಸ್ವಲ್ಪ ಪೆಟ್ಟು. ಆದರೂ ಜ್ವರ ಬರುವುದು ನಮಗೇ. ಈ ಅರಿವಿನ ಮೊದಲ ಕೊಂಡಿ ನಮಗೆ ದೂರವಲ್ಲದ ಸಿಕಂದರಾಬಾದಿನಲ್ಲಿ ಸಿಕ್ಕಿತು. 1880ರಲ್ಲಿ ಆಲ್ಜೀರಿಯಾದಲ್ಲಿ ಫ್ರೆಂಚ್ ಸೇನಾವೈದ್ಯ ಲಾವೆರಾನ್ ಮಲೇರಿಯಾ ರೋಗಿಯ ರಕ್ತದಲ್ಲಿ ರೋಗಾಣುವನ್ನು ಕಂಡಿದ್ದರು. ಅದು ಒಬ್ಬರಿಂದ ಇನ್ನೊಬ್ಬರಿಗೆ ಹೋಗುವ ದಾರಿ ಮಾತ್ರ ಗೊತ್ತಿರಲಿಲ್ಲ. ನಿಜಾಮ ಸಂಸ್ಥಾನದ ನಡುವಿನ ಆ ಬ್ರಿಟಿಷ್ ದಂಡಿನ ಊರಿನಲ್ಲಿ, ಕಲಬುರಗಿಯೂ ಅದೇ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ರೊನಾಲ್ಡ್ ರಾಸ್ ಮಲೇರಿಯಾ ರೋಗಿಯೊಬ್ಬನನ್ನು ಸೊಳ್ಳೆಗಳಿಂದ ಕಡಿಸಿ, ಕಡಿತಕ್ಕೆ ಒಂದಾಣೆಯಂತೆ ಅವನಿಗೆ ಕೊಟ್ಟು, ಆ ಸೊಳ್ಳೆಗಳನ್ನು ಒಂದೊಂದಾಗಿ ಸೀಳಿ ನೋಡುತ್ತಿದ್ದರು. 1897ರ ಆಗಸ್ಟ್ 20ರಂದು ಒಂದು ಸೊಳ್ಳೆಯ ಜಠರದ ಗೋಡೆಯಲ್ಲಿ ಕಪ್ಪು ವರ್ಣಕಣಗಳಿದ್ದ ದುಂಡು ಕೋಶಗಳು ಕಂಡವು. ಮರುವರ್ಷ ಕಲ್ಕತ್ತೆಯಲ್ಲಿ ಪಕ್ಷಿಗಳ ಮಲೇರಿಯಾವನ್ನಿಟ್ಟುಕೊಂಡು ಅವರು ಪೂರ್ತಿ ಚಕ್ರವನ್ನು ಬಿಡಿಸಿದರು. ಮನುಷ್ಯರ ಮಲೇರಿಯಾದ ಚಕ್ರವನ್ನು ಅನಾಫಿಲಿಸ್ ಸೊಳ್ಳೆಯಲ್ಲಿ ತೋರಿಸಿದವರು ಇಟಲಿಯ ಗ್ರಾಸ್ಸಿ ಮತ್ತು ಸಂಗಡಿಗರು. 1902ರ ನೊಬೆಲ್ ಮಾತ್ರ ರಾಸ್ ಒಬ್ಬರಿಗೇ ಬಂತು, ಅದರ ಬಗ್ಗೆ ಇಬ್ಬರ ನಡುವಿನ ಜಗಳವೂ ಬಹುಕಾಲ ನಡೆಯಿತು.

ಮನುಷ್ಯನೇ ನಿಶ್ಚಿತ ಆತಿಥೇಯನೂ ಮಧ್ಯಂತರ ಆತಿಥೇಯನೂ ಆಗುವ ವಿಚಿತ್ರ ಹಂದಿಯ ಲಾಡಿಹುಳುವಿನಲ್ಲಿ, ಅಂದರೆ ಟೀನಿಯಾ ಸೋಲಿಯಂನಲ್ಲಿ ಇದೆ. ಮಗನಿಗೆ ಫಿಟ್ಸ್ ಬಂದು, ಸ್ಕ್ಯಾನ್‌ನಲ್ಲಿ ಮಿದುಳಿನೊಳಗೆ ಹುಳುವಿನ ಕೋಶ ಕಂಡಿದೆ ಎಂದು ಹೇಳಿದಾಗ ತಾಯಂದಿರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ನಮ್ಮ ಮನ್ಯಾಗ ತತ್ತೀನೂ ಮುಟ್ಟಂಗಿಲ್ರೀ, ಹಂದಿ ಹುಳ ಇವನ ತಲ್ಯಾಗ ಹ್ಯಾಂಗ ಹೋಯ್ತ್ರೀ?” ಪ್ರಶ್ನೆ ಸರಿಯಾಗಿಯೇ ಇದೆ, ಉತ್ತರ ಹೇಳಲು ಎರಡು ದಾರಿಗಳನ್ನು ಬಿಡಿಸಿ ತೋರಿಸಬೇಕು. ಸರಿಯಾಗಿ ಬೇಯದ ಹಂದಿಮಾಂಸದಲ್ಲಿರುವ ಮರಿಕೋಶವನ್ನು ತಿಂದವರ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರು ನಿಶ್ಚಿತ ಆತಿಥೇಯರು. ಅವರಿಗೆ ಹೊಟ್ಟೆ ಸ್ವಲ್ಪ ನೋಯಬಹುದು, ಬಹಳ ಸಲ ಅದೂ ಇಲ್ಲ. ಅವರ ಮಲದ ಮೂಲಕ ಹೊರಬೀಳುವ ಮೊಟ್ಟೆಗಳಿಗೆ ಆಸ್ಕಾರಿಸ್‌ನಂತೆ ಮಣ್ಣಿನಲ್ಲಿ ಕಾಯುವ ಅಗತ್ಯವಿಲ್ಲ, ಬಿದ್ದ ಗಳಿಗೆಯಿಂದಲೇ ಅವು ಸೋಂಕುಕಾರಕ. ಆ ಮೊಟ್ಟೆಯನ್ನು ಹಂದಿ ತಿಂದರೆ ಹಂದಿಯ ಮಾಂಸಖಂಡದಲ್ಲಿ ಮರಿಕೋಶ ಆಗುತ್ತದೆ. ಮನುಷ್ಯ ನುಂಗಿದರೆ ಅವನ ಸ್ನಾಯುವಿನಲ್ಲಿ, ಕಣ್ಣಿನಲ್ಲಿ, ಮಿದುಳಿನಲ್ಲಿ ಆಗುತ್ತದೆ. ಎರಡನೆಯ ಈ ದಾರಿಗೆ ಮಾಂಸಾಹಾರದ ಹಂಗೇ ಇಲ್ಲ. ಬಿಸಿ ರೊಟ್ಟಿಯೊಂದಿಗೆ ಹಸಿಯಾಗಿ ತಿನ್ನುವ ಹಕ್ಕರಕಿ, ಮೆಂತ್ಯ, ಮೂಲಂಗಿ, ಸೌತೆಕಾಯಿ ಯಾವ ನೀರುಂಡು ಬೆಳೆದವು, ಯಾವ ನೀರಿನಲ್ಲಿ ತೊಳೆಯಲ್ಪಟ್ಟವು, ಅವನ್ನು ಹೆಚ್ಚಿದ ಕೈ ಸಾಬೂನು ಕಂಡಿತ್ತೇ ಎಂಬುದಷ್ಟೇ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಹಂದಿ ತಿನ್ನದವರ ಮನೆಯಲ್ಲಿ ಫಿಟ್ಸ್ ಬಂದ ಹುಡುಗನಿದ್ದರೆ, ಮೂಲ ಅದೇ ಮನೆಯ ಅಡುಗೆಯವರೋ ಸೊಪ್ಪು ಮಾರುವವರೋ ನೆರೆಯವರೋ ಆಗಿರಬಹುದು, ಮತ್ತು ಅವರಿಗೆ ಅದು ಗೊತ್ತೇ ಇರುವುದಿಲ್ಲ. ಫಿಟ್ಸ್‌ಗೆ ದೆವ್ವ, ಗಾಳಿ ಎಂದು ತಾಯತ ಕಟ್ಟಿಸುವ ರೂಢಿ ಇನ್ನೂ ಪೂರ್ತಿ ಹೋಗಿಲ್ಲವಾದ್ದರಿಂದ ಈ ವಿವರವನ್ನು ಶಾಲೆಗಳಲ್ಲಿ ಹೇಳುವುದು ಅಗತ್ಯ ಎಂದು ನಾನು ಭಾವಿಸುತ್ತೇನೆ.

ಕುರಿಗಾರರಿಗೆ ಸಂಬಂಧಿಸಿದ ಇನ್ನೊಂದು ಲಾಡಿಹುಳು ಎಕೈನೋಕಾಕಸ್. ಇದರ ಪ್ರೌಢ ಹುಳು ಕೆಲವೇ ಮಿಲಿಮೀಟರ್ ಉದ್ದ, ಇರುವುದು ನಾಯಿಯ ಕರುಳಿನಲ್ಲಿ. ಮಧ್ಯಂತರ ಆತಿಥೇಯ ಕುರಿ. ಕುರಿ ಕೊಯ್ದು ಅದರ ಕೋಶ ತುಂಬಿದ ಯಕೃತ್ತು, ಶ್ವಾಸಕೋಶಗಳನ್ನು ದೊಡ್ಡಿಯ ನಾಯಿಗೆ ಎಸೆದರೆ ಚಕ್ರ ಪೂರ್ಣವಾಯಿತು. ನಾಯಿಯ ಮೈ ಸವರಿ ಕೈ ತೊಳೆಯದೆ ಉಂಡ ಮನುಷ್ಯ ಈ ಚಕ್ರಕ್ಕೆ ಆಕಸ್ಮಿಕವಾಗಿ ಸೇರುತ್ತಾನೆ. ಅವನ ಯಕೃತ್ತಿನಲ್ಲಿ ಹೈಡೇಟಿಡ್ ಗಡ್ಡೆ ವರ್ಷಗಟ್ಟಲೆ ಬೆಳೆಯುತ್ತದೆ. ಅವನ ಅಂಗಗಳನ್ನು ಯಾವ ನಾಯಿಯೂ ತಿನ್ನುವುದಿಲ್ಲವಾದ್ದರಿಂದ ಪರಾವಲಂಬಿಗೆ ಮುಂದೆ ದಾರಿ ಇಲ್ಲ. ಇಂಥವನಿಗೆ ಅಂತ್ಯಸ್ಥಾನದ ಆತಿಥೇಯ ಎಂದು ಹೆಸರು. ನಾಯಿ ಮಾತ್ರ ಕೊನೆಯವರೆಗೂ ಆರೋಗ್ಯವಾಗಿಯೇ ಇರುತ್ತದೆ.

ಇನ್ನು ವಾಹಕಗಳು. ಹೊಲಸಿನ ಮೇಲೆ ಕುಳಿತ ನೊಣ ಸಿಸ್ಟ್‌ಗಳನ್ನು ಕಾಲಿಗಂಟಿಸಿಕೊಂಡು ತಟ್ಟೆಗೆ ತಂದರೆ ಅದು ಯಾಂತ್ರಿಕ ವಾಹಕ. ಒಯ್ಯುವುದಷ್ಟೇ ಅದರ ಕೆಲಸ. ಸೊಳ್ಳೆಯೊಳಗೆ ಪರಾವಲಂಬಿ ರೂಪ ಬದಲಿಸಿಕೊಳ್ಳಲೇಬೇಕಾಗಿದ್ದರೆ ಅದು ಜೈವಿಕ ವಾಹಕ. ಇದರಲ್ಲೂ ಒಂದು ಭೇದವಿದೆ. ಮಲೇರಿಯಾ ರೋಗಾಣು ಸೊಳ್ಳೆಯಲ್ಲಿ ಬೆಳೆಯುತ್ತದೆ, ಸಾವಿರಪಟ್ಟು ಹೆಚ್ಚುತ್ತದೆ ಕೂಡ. ಆನೆಕಾಲು ರೋಗದ ಫೈಲೇರಿಯಾ ಹುಳು ಬೆಳೆಯುತ್ತದೆ, ಹೆಚ್ಚುವುದಿಲ್ಲ. ಸೊಳ್ಳೆ ಹೀರಿದ ಒಂದು ಮರಿ ಎರಡು ವಾರಗಳ ಹೊತ್ತಿಗೆ ಒಂದೇ ಸೋಂಕುಕಾರಕ ಲಾರ್ವಾ ಆಗುತ್ತದೆ, ಅದೂ ಬದುಕಿ ಉಳಿದರೆ. ಮಲೇರಿಯಾ ಒಂದು ಕಡಿತಕ್ಕೂ ಬರಬಹುದು. ಆನೆಕಾಲು ರೋಗ ಮಾತ್ರ ವರ್ಷಗಟ್ಟಲೆ ಕಡಿಸಿಕೊಂಡ ಊರಿನವರಿಗೆ ಬರುವುದು.

ಕಲಬುರಗಿ, ಬೀದರ್, ಯಾದಗಿರಿ ಮೂರೂ ಫೈಲೇರಿಯಾ ಇರುವ ಜಿಲ್ಲೆಗಳಾದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ವುಚೆರೇರಿಯಾ ಬ್ಯಾಂಕ್ರಾಫ್ಟಿ ಎಂಬ ನೂಲಿನಂಥ ಹುಳು ನಮ್ಮ ದುಗ್ಧನಾಳಗಳಲ್ಲಿ (ಅಂಗಾಂಶಗಳ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳಲ್ಲಿ) ಹಲವು ವರ್ಷ ಬದುಕಿ, ಮೈಕ್ರೋಫೈಲೇರಿಯಾ ಎಂಬ ಸೂಕ್ಷ್ಮ ಮರಿಗಳನ್ನು ಹೆರುತ್ತದೆ. ಈ ಮರಿಗಳು ಹಗಲು ಹೊತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ತಂಗಿದ್ದು, ರಾತ್ರಿ, ಅದರಲ್ಲೂ 10ರಿಂದ 2 ಗಂಟೆಯ ಹೊತ್ತಿಗೆ, ಚರ್ಮದ ಹತ್ತಿರದ ರಕ್ತನಾಳಗಳಿಗೆ ಬರುತ್ತವೆ. ಚರಂಡಿ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಕಡಿಯುವ ಹೊತ್ತೂ ಅದೇ. ಸೊಳ್ಳೆಯಲ್ಲಿ ಈ ಮರಿ ಬೆಳೆಯುವುದನ್ನು 1877ರಲ್ಲಿ ಚೀನಾದ ಅಮೋಯ್‌ನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ತೋರಿಸಿದರು. ಕೀಟವೊಂದು ಮನುಷ್ಯನ ಪರಾವಲಂಬಿಯನ್ನು ಬೆಳೆಸುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ಆಧಾರಗಳಲ್ಲಿ ಅದೊಂದು, ಮುಂದೆ ರಾಸ್ ಅವರನ್ನು ಸೊಳ್ಳೆಯ ಬೆನ್ನು ಹತ್ತಿಸಿದವರೂ ಅವರೇ. ಆರೋಗ್ಯ ಸಿಬ್ಬಂದಿ ರಾತ್ರಿ ಮಲಗುವ ಹೊತ್ತಿಗೆ ಬಾಗಿಲು ಬಡಿದು ಬೆರಳು ಚುಚ್ಚುವುದು ಮರಿಗಳು ಆ ಹೊತ್ತಿಗೇ ಬೆರಳಿನ ರಕ್ತದಲ್ಲಿ ಸಿಗುವುದರಿಂದ. ಪ್ರೌಢ ಹುಳುವಿನ ಪ್ರತಿಜನಕವನ್ನು, ಅಂದರೆ ಅದು ರಕ್ತಕ್ಕೆ ಬಿಡುವ ಪದಾರ್ಥವನ್ನು, ಗುರುತಿಸುವ ಪಟ್ಟಿ ಪರೀಕ್ಷೆಯನ್ನು ಮಾತ್ರ ಹಗಲಲ್ಲೂ ಮಾಡಬಹುದು.

ಆಶಾ ಕಾರ್ಯಕರ್ತೆಯರು ಊರವರಿಗೆಲ್ಲ ಕೊಡುವ ಫೈಲೇರಿಯಾದ ಸಾಮೂಹಿಕ ಔಷಧಿ ಹಿಡಿದು ಹೋದಾಗ ಎದುರಾಗುವ ಮಾತು ನನಗೆ ಗೊತ್ತಿದೆ: ‘ಕಾಲು ಬಾತವರಿಗೆ ಕೊಡ್ರಿ, ನಮಗ್ಯಾಕ?’ ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ಕಾಲು ಆನೆಯ ಕಾಲಿನಷ್ಟಾಗುವ ಹೊತ್ತಿಗೆ ದುಗ್ಧನಾಳಗಳು ಹಾಳಾಗಿ, ಅದರ ಮೇಲೆ ಬ್ಯಾಕ್ಟೀರಿಯಾದ ಸೋಂಕು ಮತ್ತೆ ಮತ್ತೆ ಆಗಿ, ಬಹುಪಾಲು ರೋಗಿಗಳ ರಕ್ತದಲ್ಲಿ ಮೈಕ್ರೋಫೈಲೇರಿಯಾ ಇರುವುದೇ ಇಲ್ಲ. ಅವರಿಗೆ ಬೇಕಾದದ್ದು ದಿನವೂ ಸಾಬೂನು ಹಚ್ಚಿ ಕಾಲು ತೊಳೆದು ಒರೆಸಿಕೊಳ್ಳುವುದು, ಬೆರಳ ಸಂದಿಯ ಗಾಯಕ್ಕೆ ಮುಲಾಮು ಹಚ್ಚುವುದು, ಕಾಲೆತ್ತಿ ಇಟ್ಟುಕೊಳ್ಳುವುದು. ಸೊಳ್ಳೆಗೆ ಮರಿಗಳನ್ನು ಉಣಿಸುತ್ತಿರುವವರು ಯಾವ ಬಾವೂ ಇಲ್ಲದ, ‘ನಮಗ್ಯಾಕ’ ಎಂದು ಕೇಳುವ ಗಟ್ಟಿಮುಟ್ಟಾದ ಜನ. ಐವರ್‌ಮೆಕ್ಟಿನ್, ಡಿಇಸಿ (ಡೈಈಥೈಲ್‌ಕಾರ್ಬಮಜೀನ್), ಆಲ್ಬೆಂಡಜೋಲ್ ಎಂಬ ಮೂರು ಔಷಧಿಗಳನ್ನು ಒಟ್ಟಿಗೆ ಕೊಡುವುದು ಸುರಕ್ಷಿತವೇ ಎಂಬುದನ್ನು ಭಾರತದಲ್ಲಿ ಸಮುದಾಯ ಮಟ್ಟದಲ್ಲಿ ಪರೀಕ್ಷಿಸಿದ್ದು ಯಾದಗಿರಿ ಜಿಲ್ಲೆಯಲ್ಲಿಯೇ ಎಂಬುದು ಇಲ್ಲಿ ಹೇಳಬೇಕಾದ ಸಂಗತಿ. ಗುಳಿಗೆ ನುಂಗಿದ ಮೇಲೆ ಕೆಲವರಿಗೆ ಜ್ವರ, ತಲೆನೋವು ಬರುತ್ತದೆ. ರಕ್ತದಲ್ಲಿದ್ದ ಮರಿಗಳು ಸತ್ತು ಬಿಡುಗಡೆಯಾಗುವ ಪದಾರ್ಥಗಳಿಗೆ ದೇಹ ತೋರಿಸುವ ಪ್ರತಿಕ್ರಿಯೆ ಅದು. ಅಂದರೆ ಗುಳಿಗೆ ಯಾರಿಗೆ ಬೇಕಾಗಿತ್ತೋ ಅವರನ್ನೇ ತಲುಪಿದೆ. ಗುಳಿಗೆಯನ್ನು ಕೈಯಲ್ಲಿ ಕೊಟ್ಟು ಬರದೆ ಎದುರಿಗೇ ನುಂಗಿಸಬೇಕು ಎಂಬ ನಿಯಮವನ್ನು ಸಡಿಲಿಸಬಾರದು. ಗರ್ಭಿಣಿಯರು, ಎರಡು ವರ್ಷದೊಳಗಿನ ಮಕ್ಕಳು, ತೀವ್ರ ಕಾಯಿಲೆಯವರಿಗೆ ಈ ಸಾಮೂಹಿಕ ಔಷಧಿ ಇಲ್ಲ; ಐವರ್‌ಮೆಕ್ಟಿನ್ ಐದು ವರ್ಷದೊಳಗಿನವರಿಗೂ ಇಲ್ಲ.

ಮಲೇರಿಯಾ ನಮ್ಮಲ್ಲಿ ಬಹಳ ಇಳಿದಿದೆ. ಆದರೂ ಮುಂಬೈ, ಪುಣೆ, ಗೋವಾಗಳಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗಿ ಹಬ್ಬಕ್ಕೆ ಊರಿಗೆ ಮರಳಿದವರಲ್ಲಿ ಚಳಿಜ್ವರ ಕಂಡರೆ ರಕ್ತಪರೀಕ್ಷೆ ಮಾಡಿಸುವುದನ್ನು ಮರೆಯಬಾರದು. ಬೆರಳ ತುದಿಯ ರಕ್ತವನ್ನು ಗಾಜಿನ ಮೇಲೆ ಎರಡು ರೀತಿಯಲ್ಲಿ ಲೇಪಿಸುತ್ತಾರೆ. ದಪ್ಪ ಲೇಪನದಲ್ಲಿ ಹನಿಯನ್ನು ಇನ್ನೊಂದು ಗಾಜಿನ ಮೂಲೆಯಿಂದ ದುಂಡಗೆ ಹರಡಿ ಒಣಗಿಸುತ್ತಾರೆ; ಅದರಡಿ ಇಟ್ಟ ಪತ್ರಿಕೆಯ ಅಕ್ಷರ ಓದಲು ಬರುವಷ್ಟು ಅದು ತೆಳುವಿರಬೇಕು. ಬಣ್ಣ ಹಾಕುವಾಗ ಕೆಂಪುಕಣಗಳು ನೀರಿಗೆ ಒಡೆದುಹೋಗಿ ರೋಗಾಣುಗಳಷ್ಟೇ ಉಳಿಯುವುದರಿಂದ, ಸ್ವಲ್ಪವೇ ಇದ್ದರೂ ಕಣ್ಣಿಗೆ ಬೀಳುತ್ತವೆ. ತೆಳು ಲೇಪನವನ್ನು ಮೊದಲು ಮೆಥನಾಲ್‌ನಲ್ಲಿ ಅದ್ದಿ ಕಣಗಳನ್ನು ಇದ್ದ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಅಲ್ಲಿ ರೋಗಾಣು ವೈವಾಕ್ಸ್ ಜಾತಿಯದೋ ಫಾಲ್ಸಿಪ್ಯಾರಂ ಜಾತಿಯದೋ ಎಂದು ಗುರುತಿಸುವುದು ಸುಲಭ, ಮತ್ತು ಜಾತಿ ತಿಳಿಯದೆ ಚಿಕಿತ್ಸೆ ಪೂರ್ತಿಯಾಗದು.

ವೈವಾಕ್ಸ್ ಮಲೇರಿಯಾದಲ್ಲಿ ಕೆಲವು ರೋಗಾಣುಗಳು ಯಕೃತ್ತಿನಲ್ಲಿ ಹಿಪ್ನೋಜೋಯಿಟ್ ಎಂಬ ಸುಪ್ತರೂಪದಲ್ಲಿ, ಎರೆಮಣ್ಣಿನೊಳಗೆ ಮಳೆಗೆ ಕಾದ ಕಸದ ಬೀಜದ ಹಾಗೆ, ತಿಂಗಳುಗಟ್ಟಲೆ ಉಳಿದು ಮತ್ತೆ ಎದ್ದು ಜ್ವರ ತರುತ್ತವೆ. ಇದು ಮರುಕಳಿಕೆ. ಕ್ಲೋರೋಕ್ವಿನ್ ರಕ್ತದಲ್ಲಿರುವವನ್ನು ಕೊಲ್ಲುತ್ತದೆ, ಇವನ್ನಲ್ಲ. ಇವಕ್ಕೆ 14 ದಿನ ಪ್ರೈಮಾಕ್ವಿನ್ ಬೇಕು. ಮೂರನೆಯ ದಿನ ಜ್ವರ ಬಿಟ್ಟು ನಾಲ್ಕನೆಯ ದಿನ ಗುಳಿಗೆ ಬಿಡುವವರ ಮನೆಗೆ ಆ ಜ್ವರ ತಾನಾಗಿ ವಾಪಸು ಬರುತ್ತದೆ. ಫಾಲ್ಸಿಪ್ಯಾರಂನಲ್ಲಿ ಸುಪ್ತರೂಪವಿಲ್ಲ, ಆದರೆ ರಕ್ತದಲ್ಲಿ ಪೂರ್ತಿ ಸಾಯದೆ ಉಳಿದವು ಹೆಚ್ಚಿ ಜ್ವರ ಮರಳಿದರೆ ಅದು ಪುನರುಲ್ಬಣ. ಹೊಸ ಸೊಳ್ಳೆ ಕಡಿದು ಬಂದರೆ ಮರುಸೋಂಕು. ರೋಗಿಗೆ ಮೂರೂ ಒಂದೇ ಚಳಿ. ವೈದ್ಯರಿಗೆ ಮೂರು ಬೇರೆ ತಪ್ಪುಗಳ ಸೂಚನೆ. ಫಾಲ್ಸಿಪ್ಯಾರಂನ ಗ್ಯಾಮಿಟೋಸೈಟ್‌ಗಳು, ಅಂದರೆ ಸೊಳ್ಳೆಗೆ ಸೋಂಕು ತಗುಲಿಸಬಲ್ಲ ಲೈಂಗಿಕ ರೂಪಗಳು, ಜ್ವರ ಶುರುವಾಗಿ ವಾರ ಹತ್ತು ದಿನ ಕಳೆದ ಮೇಲೆ ರಕ್ತದಲ್ಲಿ ಕಾಣುತ್ತವೆ. ಆ ಹೊತ್ತಿಗೆ ರೋಗಿ ಗುಣವಾಗಿ ಕೆಲಸಕ್ಕೆ ಹೋಗುತ್ತಿರುತ್ತಾನೆ. ಅವನಿಗೆ ಕೊಡುವ ಒಂದೇ ಡೋಸ್ ಪ್ರೈಮಾಕ್ವಿನ್ ಅವನ ಜ್ವರಕ್ಕಲ್ಲ, ನೆರೆಹೊರೆಯವರ ರಕ್ಷಣೆಗೆ.

ಇಷ್ಟು ಹೊತ್ತು ರೋಗಿ ಬೇರೆ, ಮೂಲ ಬೇರೆ ಎಂದು ಹೇಳುತ್ತ ಬಂದೆ. ಇವೆರಡೂ ಒಂದೇ ಆಗಿದ್ದ ಒಂದು ರೋಗ ನಮ್ಮ ಭಾಗದಲ್ಲಿತ್ತು. ಅದನ್ನು ನಿರ್ಮೂಲ ಮಾಡಲು ಸಾಧ್ಯವಾದದ್ದೂ ಬಹುಮಟ್ಟಿಗೆ ಆ ಕಾರಣದಿಂದಲೇ ಎಂಬುದು ನನ್ನ ಎಣಿಕೆ. ಅದು ನಾರುಹುಣ್ಣು. ಮೆಟ್ಟಿಲಿಳಿದು ನೀರು ತುಂಬುವ ಬಾವಿಗಳಲ್ಲಿ ಸೈಕ್ಲಾಪ್ಸ್ ಎಂಬ, ಕಣ್ಣಿಗೆ ಚುಕ್ಕೆಯಂತೆ ಕಾಣುವ ಜೀವಿ ಇರುತ್ತದೆ. ಅದರೊಳಗೆ ಹುಳುವಿನ ಲಾರ್ವಾ. ನೀರಿನೊಂದಿಗೆ ಹೊಟ್ಟೆ ಸೇರಿದ ಲಾರ್ವಾ ಸುಮಾರು ಒಂದು ವರ್ಷ ಮೈಯೊಳಗೆ ಸದ್ದಿಲ್ಲದೆ ಬೆಳೆದು, ಒಂದು ಮೀಟರಿನವರೆಗೆ ಉದ್ದವಾದ ಹೆಣ್ಣುಹುಳುವಾಗಿ, ಹೆಚ್ಚಾಗಿ ಮೊಣಕಾಲಿನ ಕೆಳಗೆ ಬೊಬ್ಬೆಯೆಬ್ಬಿಸುತ್ತದೆ. ಉರಿ ತಾಳಲಾರದೆ ಕಾಲನ್ನು ನೀರಿಗಿಳಿಸಿದ ಕೂಡಲೇ ಬೊಬ್ಬೆ ಒಡೆದು ಲಕ್ಷಗಟ್ಟಲೆ ಲಾರ್ವಾಗಳು ನೀರಿಗೆ. ಬೇಸಿಗೆಯಲ್ಲಿ ಬಾವಿಯ ನೀರು ತಳ ಕಂಡು, ಜನ ಕೊನೆಯ ಮೆಟ್ಟಿಲವರೆಗೆ ಇಳಿದು ಕಾಲು ಮುಳುಗಿಸಿ ಕೊಡ ತುಂಬುವ ದಿನಗಳಲ್ಲಿ ಸೋಂಕು ಹೆಚ್ಚು ಹರಡುತ್ತಿತ್ತು, ಮತ್ತು ಕಾವಿನ ಅವಧಿ ಒಂದು ವರ್ಷವಾದ್ದರಿಂದ ಮುಂದಿನ ಬೇಸಿಗೆಯಲ್ಲಿ ಅದೇ ಬಾವಿಗೆ ಹುಣ್ಣಿನ ಕಾಲುಗಳು ಇಳಿಯುತ್ತಿದ್ದವು. ಹುಳುವಿನ ಹೊರಬಂದ ತುದಿಯನ್ನು ಕಡ್ಡಿಗೆ ಸುತ್ತಿ, ದಿನಕ್ಕೆ ಎರಡು ಮೂರು ಬೆರಳಿನಷ್ಟು ಮಾತ್ರ ಎಳೆದು, ವಾರಗಟ್ಟಲೆ ಹೊರತೆಗೆಯಬೇಕಾಗಿತ್ತು. ಅವಸರಪಟ್ಟು ಹುಳು ಒಳಗೇ ತುಂಡಾದರೆ ಕಾಲು ಕೀವು ತುಂಬಿ ಬಾಯುತ್ತಿತ್ತು.

ಇದಕ್ಕೆ ಲಸಿಕೆ ಇಲ್ಲ, ಪರಿಣಾಮಕಾರಿ ಔಷಧಿಯೂ ಇಲ್ಲ. ಆದರೆ ಸೋಂಕಿನ ಮೂಲ ಯಾರು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ, ಕಾಲಿನಿಂದ ಹುಳು ನೇತಾಡುತ್ತಿತ್ತು. 1980ರ ದಶಕದ ಆರಂಭದಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಊರೂರಿಗೆ ಹೋಗಿ ಅಂಥವರನ್ನು ಗುರುತಿಸಿ ನೀರಿಗಿಳಿಯದಂತೆ ತಡೆದರು, ಬೋರಿಂಗ್ ಹಾಕಿಸಿದರು, ಬಾವಿಗೆ ಸೈಕ್ಲಾಪ್ಸ್ ಕೊಲ್ಲುವ ಟೆಮಿಫಾಸ್ ಎಂಬ ಔಷಧಿ ಬಿಟ್ಟರು, ಕುಡಿಯುವ ನೀರನ್ನು ದಟ್ಟ ಬಟ್ಟೆಯಲ್ಲಿ ಸೋಸಲು ಕಲಿಸಿದರು. ದೇಶದ ಕೊನೆಯ ಪ್ರಕರಣ 1996ರ ಜುಲೈನಲ್ಲಿ ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ ದಾಖಲಾಯಿತು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತ ಎಂದು ಪ್ರಮಾಣೀಕರಿಸಿತು. ಜಗತ್ತಿನಲ್ಲಿ ಅದು ಇನ್ನೂ ಪೂರ್ತಿ ಅಳಿದಿಲ್ಲ. ಆಫ್ರಿಕದ ಚಾಡ್ ದೇಶದಲ್ಲಿ ಕಳೆದ ದಶಕದಿಂದ ನೂರಾರು ನಾಯಿಗಳಲ್ಲಿ ಇದೇ ಹುಳು ಸಿಗುತ್ತಿದೆ. ಮನುಷ್ಯರಲ್ಲಿ ರೋಗ ಇಲ್ಲದಾಗಲೂ ಪರಾವಲಂಬಿಯನ್ನು ಉಳಿಸಿಕೊಂಡು ಬರುವ ಇಂಥ ಪ್ರಾಣಿಯನ್ನೇ ಆಗರ ಆತಿಥೇಯ ಎನ್ನುವುದು.

ಉಪನ್ಯಾಸದ ಕೊನೆಗೆ ಶಿಕ್ಷಕಿಯೊಬ್ಬರು, ಮನೆಮಂದಿಯೆಲ್ಲ ಆರು ತಿಂಗಳಿಗೊಮ್ಮೆ ಜಂತಿನ ಗುಳಿಗೆ ತೆಗೆದುಕೊಳ್ಳಬೇಕೇ ಎಂದು ಕೇಳಿದರು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ ಒಂದು ಪ್ರದೇಶದಲ್ಲಿ ಮಣ್ಣಿನಿಂದ ಹರಡುವ ಹುಳುಗಳ ಸೋಂಕು ಶೇ 20ಕ್ಕಿಂತ ಹೆಚ್ಚಿದ್ದರೆ ಅಲ್ಲಿನ ಮಕ್ಕಳಿಗೆ ವರ್ಷಕ್ಕೊಮ್ಮೆ, ಶೇ 50ಕ್ಕಿಂತ ಹೆಚ್ಚಿದ್ದರೆ ಎರಡು ಸಲ ಗುಳಿಗೆ ಕೊಡುವುದು ಪದ್ಧತಿ. ನಮ್ಮಲ್ಲಿ ಫೆಬ್ರುವರಿ 10 ಮತ್ತು ಆಗಸ್ಟ್ 10ರ ಸುಮಾರಿಗೆ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಆಲ್ಬೆಂಡಜೋಲ್ ಕೊಡುತ್ತಾರೆ; ಎರಡು ವರ್ಷದೊಳಗಿನವರಿಗೆ ಅರ್ಧ ಗುಳಿಗೆ, ಉಳಿದವರಿಗೆ 400 ಮಿಲಿಗ್ರಾಂನ ಒಂದು, ಚೀಪಿ ಅಗಿದು ನುಂಗಬೇಕು. ಆ ದಿನ ಶಾಲೆಗೆ ಬಾರದ ಮಕ್ಕಳಿಗೆ ಮುಂದಿನ ವಾರದೊಳಗೆ ಮತ್ತೊಂದು ದಿನ ಇರುತ್ತದೆ; ಹುಳುಹೊರೆ ಹೆಚ್ಚಿರುವವರು ಆ ಗೈರುಹಾಜರಾದವರಲ್ಲೇ ಇರುವ ಸಾಧ್ಯತೆಯಿರುವುದರಿಂದ ಆ ಎರಡನೆಯ ದಿನವನ್ನು ಬಿಡಬಾರದು ಎಂದು ಅವರಿಗೆ ಹೇಳಿದೆ. ಮನೆಯ ದೊಡ್ಡವರು ತಾವಾಗಿ ನುಂಗುವ ಬದಲು ಲಕ್ಷಣವಿದ್ದರೆ ಮಲಪರೀಕ್ಷೆ ಮಾಡಿಸಲಿ, ಅದೂ ಬೇರೆ ಬೇರೆ ದಿನಗಳ ಮೂರು ಮಾದರಿಗಳನ್ನು ಕೊಟ್ಟು. ಗರ್ಭದ ಮೊದಲ ಮೂರು ತಿಂಗಳಲ್ಲಿ ಆಲ್ಬೆಂಡಜೋಲ್ ಬೇಡ. ಮಣ್ಣಿನಿಂದ ಹರಡುವ ಇನ್ನೊಂದು ಕರುಳಹುಳುವಾದ ಚಾಟಿಹುಳುವಿನ ಮೇಲೆ ಒಂದೇ ಗುಳಿಗೆಯ ಪರಿಣಾಮ ಕಡಿಮೆಯಾದ್ದರಿಂದ, ಅದರ ಮೊಟ್ಟೆ ಕಂಡವರಿಗೆ ವೈದ್ಯರು ಸಾಮಾನ್ಯವಾಗಿ ಮೂರು ದಿನ ಬರೆದುಕೊಡುತ್ತಾರೆ.